ಕುಮಾರ ಬಿನ್ ನಿಂಗರಾಜು

ನಮ್ಮ ಎದುರುಮನೆ ನಿಂಗರಾಜು ಕೆಟ್ಟೋನಲ್ಲ ಕಣ್ರೀ. ಇದನ್ನ ಮೊದಲೇ ಹೇಳಿಬಿಡ್ತೀನಿ, ಮುಂದಿನ ಕತೆ ಕೇಳಿ ನೀವು ಅವನನ್ನ ಏನೇನೋ ಅನ್ಕೋಬಾರದು. ಅವನಿಗಿರೋದು ಒಂದೇ ಕಾಯಿಲೆ. "ನಂಗೊತ್ತಿಲ್ಲ" ಅನ್ನೋ ಮಾತು ಅವನ ಬಾಯಲ್ಲಿ ಬರಲ್ಲ. ಹುಲ್ಲಹಳ್ಳಿ ಸಂತೇಲಿ ಯಾರಾದ್ರೂ ಕಾಶಿಗೆ ಹೋಗೋ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಕೇಳಿದ್ರೂ "ಅಗಾ, ಆ ಬೇಕ್ರಿ ಮುಂದೆ ನಿಂತ್ಕಳಿ" ಅಂತಾನೆ. ಪಾಪ, ನಿಂತ್ಕೊಂಡೋರೂ ಇದ್ದಾರೆ.

ನಾನು ಹುಲ್ಲಹಳ್ಳಿ ಪಕ್ಕದ ಈ ಕೊಪ್ಪಲಲ್ಲಿ ಹಿಟ್ಟಿನ ಮಿಷನ್ ಇಟ್ಟಿರೋಳು. ಹೆತ್ತೋರು ಇಟ್ಟ ಹೆಸರನ್ನ ಊರು ಮರೆತು ವರ್ಷಗಳಾದವು, ಎಲ್ಲರಿಗೂ ನಾನು ಮಿಷನಕ್ಕ. ರಾಗಿ ತರೋರು ಸುದ್ದೀನೂ ತರ್ತಾರೆ. ನಾನು ಎರಡನ್ನೂ ಬೀಸಿ ಕಳಿಸ್ತೀನಿ. ಆದ್ರಿಂದ ಈ ಸಂಗತೀನ ನನ್ನಷ್ಟು ಸರಿಯಾಗಿ ಹೇಳೋರು ತಾಲ್ಲೂಕಲ್ಲೇ ಇಲ್ಲ.

ಆ ವರ್ಷ ಶಾಲೆ ಶುರುವಾದ ಹೊಸದ್ರಲ್ಲಿ ನಮ್ಮೂರಿಗೆಲ್ಲ ಒಂದೇ ಚಿಂತೆ ಇತ್ತು. ನಮ್ಮ ಶಾಲೇಲಿ ಒಂಬತ್ತು ಮಕ್ಕಳು. ಹತ್ತಾದರೂ ಇಲ್ಲದಿದ್ರೆ ಶಾಲೆಗೆ ಬೀಗ, ಮಕ್ಕಳೆಲ್ಲ ಹುಲ್ಲಹಳ್ಳಿಗೆ ಅಂತ ಮೇಲಿಂದ ಮಾತು ಬಂದಿತ್ತು. ಹುಲ್ಲಹಳ್ಳಿ ದೂರವೇನಿಲ್ಲ, ಆದ್ರೆ ದಾರಿ ಕಾಲುವೆ ಏರಿ ಮೇಲೆ. ಒಂದು ಕಡೆ ತುಂಬಿ ಹರಿಯೋ ನೀರು, ಇನ್ನೊಂದು ಕಡೆ ಕಬ್ಬಿನ ಲಾರಿ. ನಿಂಗರಾಜು ಮಗಳು ಮೇಘನಾ ಮೂರನೇ ಕ್ಲಾಸು. ಅವಳಮ್ಮ ಮಂಚಮ್ಮ ದಿನಾ ನನ್ನ ಮಿಷನ್ ಮುಂದೆ ನಿಂತು ಗೋಳಾಡೋಳು.

"ಆ ಏರಿ ಮೇಲೆ ಮೊಗೀನ ಎಂಗ್ ಕಳುಸ್ಲಿ ಮಿಷನಕ್ಕ? ನಮ್ಮವ್ವಂಗೆ ಏಳೀ ಏಳೀ ಸಾಕಾಯ್ತು, ನಮ್ಮಣ್ಣನ್ ಮಗ್ಳು ಕೋಮಲನ ಇಲ್ಗೆ ಕಳ್ಸವ್ವ, ಮೇಘನಾ ಜೊತೇಲಿ ಓದ್ಕತಾಳೆ, ಶಾಲೇನೂ ಉಳೀತದೆ ಅಂತ. ಕಳ್ಸಲ್ವಂತೆ. ಮೊಮ್ಮಗ್ಳನ್ನ ಬುಟ್ಟು ಒಂದು ದಿಸ ಇರಕ್ಕಾಗಲ್ವಂತೆ."

ಅವಳವ್ವ ಗುರುಸಿದ್ದಮ್ಮ ಇರೋದು ತಿ. ನರಸೀಪುರದಲ್ಲಿ. ಮಗ ಸೊಸೆ ಇಬ್ಬರೂ ನಂಜನಗೂಡಿನ ಗಾರ್ಮೆಂಟ್ಸ್‌ಗೆ ಹೋಗ್ತಾರೆ, ಆರು ತುಂಬಿದ ಕೋಮಲ ಅಜ್ಜಿ ಸೆರಗಲ್ಲೇ ಬೆಳೀತಿದ್ದಳು. ಗುರುಸಿದ್ದಮ್ಮ ಗಟ್ಟಿ ಹೆಂಗಸು. ಅಳಿಯನ ಮನೆಗೆ ಬಂದ್ರೂ ಎರಡು ದಿನಕ್ಕಿಂತ ಹೆಚ್ಚು ಕೂರೋಳಲ್ಲ. ಆ ಎರಡು ದಿನ ನಿಂಗರಾಜು ನನ್ನ ಮಿಷನ್ ಹಿಂದೆ ಕೂತು ಬೀಡಿ ಸೇದ್ತಿದ್ದ.

ಇಂಥ ಕಾಲದಲ್ಲಿ 'ಮನೆಮನೆ ದರ್ಪಣ' ಅಂತ ಒಂದು ಆ್ಯಪ್ ಬಂತು. ಪ್ರತಿ ಮನೆಯೋರೂ ತಮ್ಮ ಮನೆ ವಿವರ ತುಂಬಬೇಕು. ಊರೋರೆಲ್ಲ ಹುಲ್ಲಹಳ್ಳೀಲಿ ಕಂಪ್ಯೂಟರ್ ಅಂಗಡಿ ಇಟ್ಟಿರೋ ರಂಗಸ್ವಾಮಿ ಹತ್ರ ಹೋಗಿ ತುಂಬಿಸ್ಕೊಂಡು ಬಂದ್ರು. ನಿಂಗರಾಜು ಹೋಗ್ತಾನಾ? ಹೊಸ ಫೋನ್ ಬೇರೆ ತಗೊಂಡಿದ್ದ.

"ರಂಗಸ್ವಾಮಿ ತಾವ ಓಗೋರೆಲ್ಲ ಎಬ್ಬೆಟ್ಟು ಮಿಷನಕ್ಕ. ನಾನೇ ತುಂಬ್ತೀನಿ ನೋಡು" ಅಂತ ನನ್ನ ಮಿಷನ್ ಕಟ್ಟೆ ಮೇಲೆ ಕೂತ. ನಾನು ರಾಗಿ ಹಾಕಿ ಬೆಲ್ಟ್ ಎಳೆದೆ. ಆ ಸದ್ದಲ್ಲಿ ಅವನು ಏನು ಒತ್ತಿದ, ಏನು ಬಿಟ್ಟ, ನಾನು ಕಂಡಿಲ್ಲ. ಆಮೇಲೆ ಅವನೇ ಹೇಳಿದ್ದನ್ನ ಹೇಳ್ತೀನಿ.

ಮನೇಲಿ ಎಷ್ಟು ಜನ ಅಂತ ಫೋನ್ ಕೇಳ್ತು. ನಾಲ್ಕು ಅಂತ ಒತ್ತಿದ. ನಮ್ಮ ಕಡೆ ಹಂಗೇ ಕಣ್ರೀ. ರಾತ್ರಿ ಯಾರ್ಯಾರಿಗೆ ಮುದ್ದೆ ಕಟ್ತೀವೋ ಅವರೆಲ್ಲ ಮನೆ ಜನವೇ. ಅವರ ಮನೇಲಿ ನಿಂಗರಾಜುಗೆ ಮುದ್ದೆ, ಮಂಚಮ್ಮಂಗೆ ಮುದ್ದೆ, ಮೇಘನಾಗೆ ಸಣ್ಣ ಮುದ್ದೆ, ಆಮೇಲೆ ಕುಮಾರನಿಗೆ ಎಲ್ಲಕ್ಕಿಂತ ದೊಡ್ಡ ಮುದ್ದೆ. ಕುಮಾರ ಅಂದ್ರೆ ಅವರ ಎತ್ತು. ಮೇಘನಾ ಹುಟ್ಟಿದ ವಾರವೇ ಅವರ ಹಸು ಅವನನ್ನ ಹಾಕಿದ್ದು. ಎರಡನ್ನೂ ಒಂದೇ ಜಗಲೀಲಿ ಸಾಕಿದೋಳು ಮಂಚಮ್ಮ. ಸಂಕ್ರಾಂತಿಗೆ ಮೇಘನಾಗೆ ಯಾವ ಬಣ್ಣದ ಲಂಗವೋ ಅದೇ ಬಣ್ಣ ಕುಮಾರನ ಕೊಂಬಿಗೆ.

ಹೆಸರು ಆಯ್ತು. ಹನ್ನೆರಡು ಅಂಕಿಯ ನಂಬರ್ ಕೊಡಿ ಅಂತು ಫೋನ್. ನಿಂಗರಾಜು ಎದ್ದು ಕೊಟ್ಟಿಗೆಗೆ ಹೋದ. ಕುಮಾರನ ಕಿವೀಲಿ ಹಳದಿ ಬಿಲ್ಲೆ ಇದೆ, ದನಗಳ ಲೆಕ್ಕಕ್ಕೆ ಹಾಕೋದು. ಅದ್ರಲ್ಲೂ ಹನ್ನೆರಡೇ ಅಂಕಿ! ಕಿವಿ ಹಿಡಿದು ಓದಿ ಒತ್ತಿದ. ಫೋಟೋ ಬೇಕು ಅಂತು. ಕುಮಾರನ ಕುತ್ತಿಗೆ ತಬ್ಬಿ ಒಂದು ತೆಗೆದ. ಫೋನು ನಿಂಗರಾಜು ಮುಖದ ಸುತ್ತ ಹಸಿರು ಚೌಕ ಎಳೆದು, ಮುಖ ಸಿಕ್ತು, ಸರಿಯಾಗಿದೆ ಅಂತು. ಕೊನೆಗೆ, ನಿಮಗೆ ಏನು ಸಂಬಂಧ ಅಂತ ಕೇಳ್ತು. ಅಲ್ಲಿಗೆ ಮತ್ತೆ ನನ್ನ ಹತ್ರ ಓಡಿಬಂದ.

"ಮಿಷನಕ್ಕ, ತಂದೆ, ತಾಯಿ, ಮಗ, ಮಗಳು ಅಂತೆಲ್ಲ ಅದೆ. ಕೊನೇಲಿ 'ಇತರೆ' ಅಂತದೆ. ಅಂಗಂದ್ರೇನು?"

"ಮನೆಯೋರಲ್ಲ, ಬೇರೆಯೋರು ಅಂತ ಕಣಪ್ಪ" ಅಂದೆ, ಜರಡಿ ಮೇಲಿಂದ ಕಣ್ಣೆತ್ತದೆ.

"ಅಯ್, ಅವ್ನೇನ್ ಬೇರೆಯವನಾ?" ಅಂತ ಮುಖ ಸಿಂಡರಿಸಿ 'ಮಗ' ಅನ್ನೋದನ್ನ ಒತ್ತಿದ.

ಎರಡು ವಾರ ಕಳೀತು. ಶಾಲೆಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಆಶಾರಾಣಿ ಮಿಸ್ಸು ಒಂದು ಬೆಳಿಗ್ಗೆ ನಂಜನಗೂಡು ಬಸ್ಸಿಳಿದವಳೇ ನೇರವಾಗಿ ನಿಂಗರಾಜು ಮನೆಗೆ ಬಂದ್ಲು. ಮುಖದಲ್ಲಿ ದೀಪ ಹಚ್ಚಿದಂಗಿತ್ತು. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಅವಳ ಕಂಪ್ಯೂಟರಿಗೆ ಬಂದಿತ್ತು, ಅದ್ರಲ್ಲಿ ನಮ್ಮೂರದ್ದೇ ಒಂದು ಹೆಸರು, ಹತ್ತನೇ ಮಗು. ಮಂಚಮ್ಮ ಅಂಗಳ ಸಾರಿಸ್ತಿದ್ಲು. ನಾನು ಎದುರಿಗೇ ಇದ್ದೆ, ಒಂದು ಮಾತೂ ತಪ್ಪಿಸಿಕೊಳ್ಳಲಿಲ್ಲ.

"ಕುಮಾರ ಎಲ್ಲಮ್ಮಾ?"

"ಗದ್ದೆಗ್ ಓಗವ್ನೆ ಮಿಸ್. ಕತ್ಲಾಗ್ತಿದ್ದಂಗೆ ಬತ್ತಾನೆ."

"ಎಂಟು ವರ್ಷದವನನ್ನ ಕತ್ತಲಾಗೋವರೆಗೆ ಗದ್ದೇಲಿ ದುಡಿಸ್ತೀರಾ?"

"ಮತ್ತೆ? ನಾಕಾಳಿಂದು ಒಬ್ನೇ ತಿಂತಾನೆ. ದುಡೀಬೇಡ್ವಾ?"

"ಹೊಡೀತೀರೇನ್ರೀ?"

"ಅಟ್ಟ ಮಾಡುದ್ರೆ ಒಂದೊಂದ್ ಬೀಳ್ತದೆ. ಆಮೇಲೆ ನಾನೇ ಎಣ್ಣೆ ತಿಕ್ತೀನಿ."

"ಮಲಗೋದೆಲ್ಲಿ?"

"ಕೊಟ್ಗೇಲಿ. ಒಳೀಕ್ ಬಂದ್ರೆ ಪಾತ್ರೆ ಪಗಡ ಎಲ್ಲಾ ತುಳೀತಾನೆ, ಬುಡಿ."

ಆಶಾರಾಣಿ ಕಣ್ಣಲ್ಲಿ ನೀರು ತುಂಬ್ಕೊಂಡು ನನ್ನ ಹತ್ರ ಬಂದ್ಲು. "ಅಕ್ಕಾ, ಏನಕ್ಕಾ ನಿಮ್ಮೂರು! ಹೆತ್ತ ಮಗೂನ ದನದ ಥರ ದುಡಿಸ್ತಾರಲ್ಲಾ!"

"ಮಿಸ್, ಅದು ದನಾನೇ ಕಣಮ್ಮ" ಅಂದೆ.

ಅವಳು ರಾಗಿ ಮೂಟೆ ಮೇಲೆ ಕುಸಿದು ಕೂತ್ಲು. ನೀರು ಕೊಟ್ಟು, ಹುಲ್ಲಹಳ್ಳಿಯಿಂದ ರಂಗಸ್ವಾಮೀನ ಕರೆಸಿದೆ. ಅವನು ತನ್ನ ಕಂಪ್ಯೂಟರ್ ಮಡಿಲಲ್ಲಿಟ್ಟುಕೊಂಡು ಕುಟ್ಟಿದ, ಕುಟ್ಟಿದ, ಆಮೇಲೆ ಹೊಟ್ಟೆ ಹಿಡ್ಕೊಂಡು ನಗೋಕೆ ಶುರುಮಾಡಿದ.

"ನೋಡಕ್ಕಾ, ಕಂಪ್ಯೂಟರ್‌ಗಳು ನಮ್ಮಂಗೆ ಕೂತು ಹರಟೆ ಹೊಡೆಯಲ್ಲ. ಖಾನೆ ಖಾನೆಯಾಗಿ ಕೊಡ್ತವೆ, ಖಾನೆ ಖಾನೆಯಾಗಿ ಇಸ್ಕತವೆ. ಜನರ ಕಂಪ್ಯೂಟರ್ ಈ ನಂಬರ್ ಹಿಡಿದು, ಇದು ಯಾರಿಗಾದ್ರೂ ಗೊತ್ತಾ ಅಂತ ಎಲ್ಲಾ ಕಡೆ ಕೇಳ್ತು. ದನದ ಕಂಪ್ಯೂಟರ್, ನಂಗೊತ್ತು ಅಂದದೆ. ಹೆಸರು ಕುಮಾರ, ಗಂಡು, ವಯಸ್ಸು ಎಂಟು, ತೂಕ ನಾನೂರ ಹತ್ತು, ಕೆಲಸ ಗಾಡಿ, ಜೀವಿ ಎತ್ತು ಅಂತ ಕಳಿಸ್ತು. ಈ ಕಡೆ ಹೆಸರಿಗೆ ಖಾನೆ ಇತ್ತು, ವಯಸ್ಸಿಗಿತ್ತು, ತೂಕಕ್ಕಿತ್ತು. 'ಯಾವ ಜೀವಿ' ಅನ್ನೋದಕ್ಕೆ ಖಾನೆಯೇ ಇಲ್ಲ. ಮನುಷ್ಯರ ಲೆಕ್ಕದಲ್ಲಿ ಅದ್ಯಾಕಿರ್ತದೆ? ಖಾನೆ ಇಲ್ದಿದ್ದನ್ನ ಬಿಸಾಕಿಬುಟ್ಟದೆ."

"ಅಷ್ಟೂ ಗೊತ್ತಾಗಲ್ವಾ ಅದಕ್ಕೆ?"

"ನಿನ್ ಮಿಷನ್ ಬಾಯಿಗೆ ಮೆಣಸಿನಕಾಯಿ ಹಾಕುದ್ರೆ, ಇದು ರಾಗಿ ಅಲ್ಲ ಅಂತ ಹೇಳ್ತದಾ? ಬೀಸ್ತದೆ ತಾನೆ? ಅದೂ ಅಷ್ಟೇ."

ಇದು ನನಗೆ ಚೆನ್ನಾಗಿ ಅರ್ಥ ಆಯ್ತು. ಹೋದ ದೀಪಾವಳೀಲಿ ಮೆಣಸಿನಕಾಯಿ ಬೀಸಿದ ಮೇಲೆ ಒರೆಸೋದು ಮರೆತು ನಿಂಗರಾಜು ರಾಗಿ ಬೀಸಿದ್ದೆ, ಆ ಮನೆಯೋರೆಲ್ಲ ಎರಡು ದಿನ ಬಾಯಿ ಊದಿಕೊಂಡು ಓಡಾಡಿದ್ರು.

ಸುದ್ದಿ ಊರು ತುಂಬ ಹಬ್ಬಿತು. ಪಂಚಾಯ್ತಿ ಮೆಂಬರ್ ಬಸವಯ್ಯ ಕೇಳಿದ್ದು ಒಂದೇ ಮಾತು. "ಅಂಗಾರೆ ಈಗ ಶಾಲೇಲಿ ಎಷ್ಟ್ ಐಕ್ಳು?"

"ಕಂಪ್ಯೂಟರ್ ಪ್ರಕಾರ ಹತ್ತು" ಅಂದ ರಂಗಸ್ವಾಮಿ. "ಶಾಲೆ ಬಿಟ್ಟೋನು ಸಿಕ್ದ ಅಂತ ಅವನನ್ನೂ ಸೇರಿಸ್ಕಂಡದೆ. ಬೀಗ ಹಾಕೋ ಶಾಲೆಗಳ ಪಟ್ಟಿಯಿಂದ ನಿಮ್ಮೂರ್ನ ತೆಗೆದವ್ರೆ."

"ಮತ್ತಿನ್ನೇನು? ಎಲ್ಲಾ ಬಾಯ್ ಮುಚ್ಕಂಡಿರಿ. ಮಿಸ್ಸೂ, ನೀವು ದಿನಾ ಅವುಂದೊಂದು ಆಜರಿ ಆಕ್ಬುಡಿ. ಗಲಾಟೆ ಮಾಡಲ್ಲ, ಜಗಳ ಆಡಲ್ಲ, ಪಾಠಕ್ಕೆ ಅಡ್ಡ ಬರಲ್ಲ. ಅಂಥಾ ಉಡ್ಗ ಇನ್ನೆಲ್ ಸಿಕ್ಕನು?"

"ನನ್ನ ಕೈಲಿ ಸುಳ್ಳು ಹಾಜರಿ ಹಾಕೋಕಾಗಲ್ಲ" ಅಂದ್ಲು ಆಶಾರಾಣಿ. "ಶಾಲೆ ಉಳೀಬೇಕು ಅಂತ ನಿಮಗಿಂತ ಜಾಸ್ತಿ ಆಸೆ ನನಗಿದೆ ಬಸವಯ್ಯನೋರೆ. ಆದ್ರೆ ನಿಜವಾದ ಮಗು ಕೂತು ಉಳೀಬೇಕು."

ಅವಳ ಮೇಲೆ ನನಗೆ ಸಿಟ್ಟೂ ಬಂತು, ಗೌರವಾನೂ ಬಂತು. ಅವತ್ತೇ ಅವಳು, "ಕುಮಾರ ಎಂಬುವನು ವಿದ್ಯಾರ್ಥಿ ಅಲ್ಲ, ಅವನು ಒಂದು ಎತ್ತು" ಅಂತ ಕಂಪ್ಯೂಟರಿಗೆ ಬರೆದು ಕಳಿಸಿದ್ಲು. ಮಾರನೇ ದಿನ ಉತ್ತರ ಬಂತು. ವಿದ್ಯಾರ್ಥಿಯನ್ನು ಪ್ರಾಣಿಗೆ ಹೋಲಿಸಿ ಅವಮಾನ ಮಾಡಿದ್ದಕ್ಕೆ ನಿಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಅಂತ ಅವಳನ್ನೇ ಕೇಳಿತ್ತು. ಪಾಪದ ಹುಡುಗಿ, ಬಿಸಿಯೂಟದ ಸಾಂಬಾರಿನ ಉಪ್ಪು ನೋಡೋದನ್ನೇ ಮರೆತ್ಲು.

ನಿಂಗರಾಜು ಏನು ಮಾಡ್ತಿದ್ದ ಅಂತೀರಾ? ಊರೆಲ್ಲ ತನ್ನಿಂದ ಶಾಲೆ ಉಳೀತು ಅಂತ ಮೀಸೆ ತಿರುವ್ತಿದ್ದ. "ನೋಡ್ದಾ ಮಿಷನಕ್ಕ? ಕಂಪ್ಯೂಟರ್ ನನ್ನ ಮಾತು ಒಪ್ಕತ್ತು."

ಅಷ್ಟರಲ್ಲಿ ಆ ತೂಕದ ಖಾನೆ ತನ್ನ ಕೆಲಸ ಶುರುಮಾಡಿತ್ತು. ಮಕ್ಕಳ ಆರೋಗ್ಯ ನೋಡೋ ಇನ್ನೊಂದು ಕಂಪ್ಯೂಟರ್ ಇದೆಯಲ್ಲ, ಅದಕ್ಕೆ ನಾನೂರ ಹತ್ತು ಅಂತ ಹೋಯ್ತು. ಎಂಟು ವರ್ಷದ ಹುಡುಗ ನಾನೂರ ಹತ್ತು ಕೇಜಿ ಇರ್ತಾನಾ? ಇರಲ್ಲ ಅನ್ನೋ ಅಷ್ಟು ಬುದ್ಧಿ ಅದಕ್ಕಿತ್ತು. ತುಂಬಿದೋರು ಚುಕ್ಕಿ ಇಡೋದು ಮರೆತಿದ್ದಾರೆ ಅಂತ ಅದೇ ಒಂದು ಚುಕ್ಕಿ ಇಟ್ಟುಕೊಂಡು ನಾಲ್ಕು ಕೇಜಿ ನೂರು ಗ್ರಾಂ ಮಾಡ್ಕೊಳ್ತು. ಎಂಟು ವರ್ಷಕ್ಕೆ ನಾಲ್ಕು ಕೇಜಿ! ಕೆಂಪು ಬಣ್ಣದಲ್ಲಿ ನಂಜನಗೂಡಿಗೆ ಒಂದು ಸಂದೇಶ ಹಾರ್ತು. ನಿಂಗರಾಜು ತುರ್ತಿಗೆ ಇರಲಿ ಅಂತ ಅತ್ತೆ ನಂಬರ್ ಕೊಟ್ಟಿದ್ದ, ಹಂಗಾಗಿ ತಿ. ನರಸೀಪುರಕ್ಕೂ ಒಂದು ಹಾರ್ತು.

ಶನಿವಾರ ಬೆಳಿಗ್ಗೆ ಶಾಲೆ ಬಿಡೋ ಹೊತ್ತಿಗೆ ಬೀದೀಲಿ ಆಟೋ ನಿಲ್ತು. ಗುರುಸಿದ್ದಮ್ಮ ಇಳಿದ್ಲು. ಒಂದು ಕೈಲಿ ಬಾಳೆಹಣ್ಣಿನ ಗೊನೆ, ಇನ್ನೊಂದು ಕೈಲಿ ಜೀವಂತ ಕೋಳಿ, ಹಿಂದೆ ಸೆರಗು ಹಿಡಿದು ಕೋಮಲ. ಕೋಮಲ ಮೇಘನಾನ ನೋಡಿದ್ದೇ ಸೆರಗು ಬಿಟ್ಟು ಶಾಲೆ ಕಡೆ ಓಡಿದ್ಲು. ಗುರುಸಿದ್ದಮ್ಮ ಬೀದಿ ಮಧ್ಯೆ ನಿಂತು ಕೂಗಿದ ಕೂಗಿಗೆ ನನ್ನ ಮಿಷನ್ ಸದ್ದು ಅಡಗಿಹೋಯ್ತು.

"ಎಲ್ಲವ್ನೆ ಆ ನನ್ ಅಳಿಯ? ಆಚೀಕ್ ಬರೇಳಿ! ಫೋನ್‌ಗೆ ಬಂದಿದ್ನ ಪಕ್ಕದ್ಮನೆ ಬಸ್ ಕಂಡಕ್ಟ್ರು ಓದಿ ಏಳುದ್ರು. ಕುಮಾರ ಬಿನ್ ನಿಂಗರಾಜು, ಎಂಟೊರ್ಸ, ಊಟ ಇಲ್ದೆ ಒಣಗೋಗವ್ನೆ ಅಂತ! ಮೇಘನಾ ಎರಿಗೆ ನಮ್ಮನೇಲಾಯ್ತು. ನನ್ ಕೈಲಿ ಇಡ್ದಿದ್ದು ಒಂದೇ ಎಣ್ ಮೊಗ. ಈ ಗಂಡ್ ಮೊಗ ಯಾವಾಗ್ ಉಟ್ತು? ಯಾರ್ ಒಟ್ಟೇಲ್ ಉಟ್ತು?"

ನಿಂಗರಾಜು ಮಿಷನ್ ಹಿಂದಿಂದ ಬೀಡಿ ಬಿಸಾಕಿ ಎದ್ದ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಇನ್ನು ಬಿಡ್ತಾನಾ?

"ಅವ್ನೂ ಆ ವಾರವೇ ಉಟ್ಟಿದ್ದು ಅತ್ತೆ. ಇಲ್ಲೇ. ಅವ್ರವ್ವ ನಮ್ ಕೊಟ್ಗೇಲಿದ್ಲಲ್ಲಾ."

"ಕೊಟ್ಗೇಲಿ ಮಡಿಕಂಡಿದ್ದಾ?"

"ಇನ್ನೆಲ್ ಮಡಗ್ಲಿ? ನಿಮ್ ಮಗ್ಳಿಗೂ ಗೊತ್ತು. ಅವ್ಳೇ ದಿನಾ ಮೈ ತೊಳ್ದು ಕುಂಕುಮ ಇಡ್ತಿದ್ಲು."

"ಅಯ್ಯೋ ನನ್ ಮಗ್ಳೇ!"

"ಓದೊರ್ಸ ತೀರ್ಕಂಡ್ಲು ಪಾಪ. ನಾನೂ ಬಸವಯ್ಯನೂ ಎಳ್ಕೊಂಡೋಗಿ ತೋಟದಲ್ಲೇ ಮಣ್ ಮಾಡ್ದೋ."

ಇದನ್ನ ಅವನು ಹೇಳೋ ಹೊತ್ತಿಗೆ ಸರಿಯಾಗಿ ಹಿಂದೆ ಒಂದು ಜೀಪು ಬಂದು ನಿಂತಿತ್ತು. ನಂಜನಗೂಡಿಂದ ಬಂದ ಅಧಿಕಾರಿ ಚಂದ್ರಶೇಖರ್ ಕೈಲಿ ಕೂಸುಗಳನ್ನ ತೂಗು ಹಾಕಿ ತೂಕ ನೋಡೋ ತಕ್ಕಡಿ, ಕಂಕುಳಲ್ಲಿ ಪೌಷ್ಟಿಕ ಹಿಟ್ಟಿನ ಪೊಟ್ಟಣ. ಎಲ್ಲಾ ಹಿಡ್ಕೊಂಡು ಕಲ್ಲಿನಂಗೆ ನಿಂತಿದ್ರು.

"ತೋಟದಲ್ಲಿ... ಪೊಲೀಸರಿಗೆ ತಿಳಿಸಿದ್ರಾ?" ಅಂದ್ರು ಸಣ್ಣ ದನೀಲಿ.

"ಅದಕ್ಕೆಲ್ಲಾ ಯಾಕ್ ಸಾ ಪೋಲೀಸು? ಊರಲ್ಲಿ ಎಲ್ರೂ ಅಂಗೇ ಮಾಡದು."

ಚಂದ್ರಶೇಖರ್ ಎರಡು ಹೆಜ್ಜೆ ಹಿಂದಕ್ಕೆ ಹೋದ್ರು. ನನಗೆ ತಡೀಲಿಲ್ಲ. "ಲೋ ಮಂಕೆ, ಎಲ್ಲಾರ್ನೂ ಕೊಟ್ಟಿಗೆಗೆ ಕರ್ಕೊಂಡು ಹೋಗಿ ಮಗನ್ನ ತೋರ್ಸೋ!" ಅಂತ ಕಿರುಚಿದೆ.

ಕೊಟ್ಟಿಗೇಲಿ ಕುಮಾರ ಹುಲ್ಲು ಮೇಯ್ತಿದ್ದ. ಎಲ್ಲರೂ ಸಾಲಾಗಿ ನಿಂತ್ರು. "ಇವ್ನೇ ಸಾ ಕುಮಾರ" ಅಂದ ನಿಂಗರಾಜು, ಮದುವೆ ಗಂಡು ತೋರಿಸೋರ ಹಂಗೆ. ಅಧಿಕಾರಿ ಎತ್ತನ್ನ ನೋಡಿದ್ರು, ಕೈಲಿದ್ದ ತಕ್ಕಡಿ ನೋಡಿದ್ರು, ಮತ್ತೆ ಎತ್ತನ್ನ ನೋಡಿದ್ರು. ಕುಮಾರ ಕತ್ತು ಚಾಚಿ ಅವರ ಕಂಕುಳಲ್ಲಿದ್ದ ಪೊಟ್ಟಣಕ್ಕೆ ಬಾಯಿ ಹಾಕಿ, ಪ್ಲಾಸ್ಟಿಕ್ ಉಗಿದು ಹಿಟ್ಟು ನೆಕ್ಕಿದ. ಆಮೇಲೆ ಗುರುಸಿದ್ದಮ್ಮನ ಕೈಲಿದ್ದ ಗೊನೆ ಕಡೆ ತಿರುಗಿದ.

ಗುರುಸಿದ್ದಮ್ಮ ಅಲ್ಲೇ ಗೋಡೆಗೊರಗಿ ಕೂತು ನಕ್ಕು ನಕ್ಕು ಅತ್ತುಬಿಟ್ಲು. ಎಂಟು ವರ್ಷದಲ್ಲಿ ಒಂದು ಸಲವೂ ಆ ಕೊಟ್ಟಿಗೆಗೆ ತಲೆ ಹಾಕಿದೋಳಲ್ಲ ಅವಳು, ಎತ್ತಿಗೆ ಹೆಸರಿದೆ ಅನ್ನೋದೇ ಗೊತ್ತಿರಲಿಲ್ಲ. "ನನ್ ಮಗ್ಳ ಬಾಳು ನೆಟ್ಟಗಿದ್ರೆ ಸಾಕಪ್ಪಾ" ಅಂತ ಕಣ್ಣೊರೆಸಿಕೊಂಡು ಬಾಳೆಹಣ್ಣೊಂದೊಂದೇ ಮುರಿದು ಅವನ ಬಾಯಿಗೆ ಕೊಟ್ಲು.

ಚಂದ್ರಶೇಖರ್ ಒಳ್ಳೇ ಮನುಷ್ಯ. ಬೈಲಿಲ್ಲ. ಆದ್ರೆ ಜಗಲೀಲಿ ಕೂತು ಮಜ್ಜಿಗೆ ಕುಡಿದಾದ ಮೇಲೆ, "ಇದನ್ನ ನಾನು ಅಳಿಸಲೇಬೇಕು ಕಣ್ರಪ್ಪ. ಅಳಿಸಿದ್ರೆ ಒಂಬತ್ತು. ಸೋಮವಾರ ಪಟ್ಟಿ ಮುಚ್ತಾರೆ" ಅಂದ್ರು.

ಬಸವಯ್ಯ ಕೈ ಮುಗಿದ. "ಇದೊಂದು ವರ್ಸ ಇರ್ಲಿ ಬುಡಿ ಸಾ." ಅಧಿಕಾರಿ ತಲೆ ಅಲ್ಲಾಡಿಸಿದ್ರು. ಆಶಾರಾಣಿ ಕಂಬಕ್ಕೆ ಒರಗಿ ನಿಂತಿದ್ಲು. ಮಂಚಮ್ಮ ಸೆರಗು ಬಾಯಿಗಿಟ್ಟುಕೊಂಡು ಕಾಲುವೆ ಕಡೆ ನೋಡಿದ್ಲು.

ಶಾಲೆ ಕಡೆಯಿಂದ ಮಗ್ಗಿ ಹೇಳೋ ದನಿ ಬರ್ತಿತ್ತು. ಶಾಲೆ ಬಿಟ್ಟು ಎಷ್ಟೋ ಹೊತ್ತಾಗಿತ್ತು. ಬಾಗಿಲು ತೆಗೆದೇ ಇದ್ದಿದ್ರಿಂದ ಮೇಘನಾ ಮಿಸ್ಸಾಗಿ, ಕೋಮಲನ್ನ ಕೂರಿಸ್ಕೊಂಡು ಪಾಠ ಮಾಡ್ತಿದ್ಲು. ಎರಡೊಂದ್ಲ ಎರಡು, ಎರಡೆರಡ್ಲ ನಾಕು. ಕೋಮಲನ ಗಂಟಲು ಅಜ್ಜೀದೇ, ಊರಿಗೆಲ್ಲ ಕೇಳ್ತಿತ್ತು. ಗುರುಸಿದ್ದಮ್ಮ ಬಾಳೆಹಣ್ಣು ಮುರಿಯೋದು ನಿಲ್ಲಿಸಿ ಕೇಳಿಸ್ಕೊಂಡ್ಲು. ಬಹಳ ಹೊತ್ತು ಕೇಳಿಸ್ಕೊಂಡ್ಲು.

"ಎಷ್ಟ್ ಮೊಗ ಬೇಕು ನಿಮ್ ಪಟ್ಟಿಗೆ? ಒಂದ್ ತಾನೆ?"

"ಒಂದೇ ಅಮ್ಮ" ಅಂದ್ರು ಅಧಿಕಾರಿ.

"ಬರ್ಕಳಿ. ಕೋಮಲ. ಆರ್ ವರ್ಸ. ಎರಡೇ ಕಾಲು. ಬೇಕಾದ್ರೆ ಕರುಸ್ತೀನಿ, ಎಣುಸ್ಕಳಿ. ನನ್ ಮಗಂಗೂ ಸೊಸೆಗೂ ನಂಜನಗೂಡಿಂದ ಇಲ್ಗೇ ಅತ್ರ."

ಮಂಚಮ್ಮ ಓಡಿಹೋಗಿ ಅವ್ವನ್ನ ತಬ್ಬಿಕೊಂಡ್ಲು. "ಅವ್ವಾ, ಅವ್ಳನ್ನ ಬುಟ್ಟು ನೀ ಎಂಗಿರ್ತೀಯೆ?"

"ಯಾಕ್ ಬುಟ್ಟಿರ್ಲಿ? ನಾನೂ ಇಲ್ಲೇ ಇರ್ತೀನಿ" ಅಂದ್ಲು ಗುರುಸಿದ್ದಮ್ಮ.

ಎಲ್ಲರೂ ಹೋ ಅಂದ್ರು, ಬಸವಯ್ಯ ಚಪ್ಪಾಳೆ ಹೊಡೆದ. ನಿಂಗರಾಜು ಒಬ್ಬ ಮಾತ್ರ ಗೋಡೆ ಹಿಡ್ಕೊಂಡ. ನಾನು ಅವನ ಬೆನ್ನು ತಟ್ಟಿ, "ಶಾಲೆ ಉಳಿಸ್ದೋನು ನೀನೇ ಕಣಪ್ಪ" ಅಂದೆ.

ಸೋಮವಾರ ಕೋಮಲನ ಹೆಸರು ಏರಿತು. ಆಶಾರಾಣಿ ಹಾಜರಿ ಕರೀವಾಗ ಹತ್ತನೇ "ಬಂದಿವ್ನಿ ಮಿಸ್" ಕೂಗಿಗೆ ನನ್ನ ಮಿಷನ್ ಬೆಲ್ಟ್ ಜಾರಿತು. ಆದ್ರೆ ಕುಮಾರನನ್ನ ತೆಗೆಯೋದಕ್ಕೆ ಕಂಪ್ಯೂಟರ್ ಕಾರಣ ಕೇಳ್ತು. ತಪ್ಪಾಗಿದೆ ಅನ್ನೋ ಖಾನೆ ಅದ್ರಲ್ಲಿ ಇಲ್ಲ. ಸಾವು, ಮದುವೆ, ಬೇರೆ ಊರು, ವಿದ್ಯಾಭ್ಯಾಸ ಪೂರ್ಣ, ಇಷ್ಟೇ. ಸಾವು ಅಂತ ಹಾಕಿಬಿಡೋಣ ಅಂದ್ರು ಚಂದ್ರಶೇಖರ್, ನಿಂಗರಾಜುಗೆ ಫೋನಲ್ಲಿ. ಮಂಚಮ್ಮ ಆ ಫೋನ್ ಕಿತ್ಕೊಂಡು ಅವರಿಗೆ ಹೇಳಿದ್ದನ್ನ ನಾನು ಇಲ್ಲಿ ಹೇಳಲ್ಲ. ಕೊನೆಗೆ ವಿದ್ಯಾಭ್ಯಾಸ ಪೂರ್ಣ ಅಂತಲೇ ಹಾಕಿದ್ರು. ಒಂದು ದಿನವೂ ಶಾಲೆ ಬಾಗಿಲು ತುಳೀದೆ ಓದು ಮುಗಿಸಿದೋನು ನಮ್ಮೂರಲ್ಲಿ ಕುಮಾರ ಒಬ್ಬನೇ.

ತಿಂಗಳು ಕಳೆದ ಮೇಲೆ ಒಂದು ಸಂಜೆ ನಿಂಗರಾಜು ಫೋನ್ ಹಿಡ್ಕೊಂಡು ಬಂದ.

"ಮಿಷನಕ್ಕ, ಕುಮಾರಂಗೆ ಕೆಲ್ಸದ ಕಂಪ್ಯೂಟರಿಂದ ಮೆಸೇಜ್ ಬಂದದೆ. ಓದ್ ಮುಗುದದಲ್ಲಾ, ತಿ. ನರಸೀಪುರಕ್ ಬಂದ್ರೆ ಟ್ರಾಕ್ಟರ್ ಓಡ್ಸೋದು ಕಲಿಸ್ತಾರಂತೆ."

"ಹೋಗ್ತಾನಂತಾ?"

"ಓದಿ ಏಳ್ದೆ. ಬಾಲ ಆಡಿಸ್ದ."

ಅಷ್ಟರಲ್ಲಿ ಎದುರುಮನೆ ಕೊಟ್ಟಿಗೆಯಿಂದ ಗುರುಸಿದ್ದಮ್ಮನ ದನಿ ಬಂತು. ಕೈಲಿ ದೊಡ್ಡ ಮುದ್ದೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ಲು.

"ಲೇ ಅಳಿಯ! ನನ್ ಮೊಮ್ಮಗ ದುಡ್ದು ಬಂದವ್ನೆ, ನೀರ್ ತೋರುಸ್ದೆ ಅಲ್ಲೇನ್ ಫೋನ್ ನೋಡ್ತಾ ನಿಂತಿದ್ದೀಯೋ?"